ಪಿಬಿಟಿ ಎಂದಾಕ್ಷಣ ನಿಶ್ಚಿಂತೆಯಲ್ಲ

ಕೀಬೋರ್ಡ್ ಕೀಗಳ ಮೇಲಿನ ಮುಚ್ಚಳವೇ ಕೀಕ್ಯಾಪ್; ಎಬಿಎಸ್, ಪಿಬಿಟಿ ಅದಕ್ಕೆ ಬಳಸುವ ಎರಡು ಬಗೆಯ ಪ್ಲಾಸ್ಟಿಕ್. ‘ಎಬಿಎಸ್ ಬಿಡಿ, ಪಿಬಿಟಿ ಕೀಕ್ಯಾಪ್ ಕೊಳ್ಳಿ, ಹೊಳಪೇರುವುದಿಲ್ಲ’ ಎಂಬ ಒಂದು ಲೇಖನದ ಸಲಹೆ ಅರ್ಧ ಸರಿ. ಪಿಬಿಟಿಯೂ ಸವೆದು ನುಣುಪಾಗುತ್ತದೆ, ತಡವಾಗಿ ಅಷ್ಟೇ.

ಅದರ ನಿಜವಾದ ತಲೆನೋವು ಸ್ಪೇಸ್‌ಬಾರ್. ಅಚ್ಚಿನಿಂದ ತಣಿಯುವಾಗ ಪಿಬಿಟಿ ಎಬಿಎಸ್‌ಗಿಂತ ಹೆಚ್ಚು ಕುಗ್ಗುತ್ತದೆ. ಹಾಗಾಗಿ 6.25 ಯೂನಿಟ್ (ಸಾಮಾನ್ಯ ಅಕ್ಷರದ ಕೀಯ ಆರೂಕಾಲು ಪಟ್ಟು) ಉದ್ದದ ಈ ಕೀ ಕೆಲವೊಮ್ಮೆ ಬಾಳೆಕಾಯಿಯಂತೆ ಬಾಗಿ, ಉದ್ದ ಕೀ ಓಲದಂತೆ ಹಿಡಿಯುವ ಸ್ಟೆಬಿಲೈಸರ್‌ನಲ್ಲಿ ಬಿಗಿಯಾಗಿ ನಿಧಾನಕ್ಕೆ ಮೇಲೇಳುತ್ತದೆ. ಸೆಟ್ ಕೈಗೆ ಬಂದ ಕೂಡಲೇ ಸ್ಪೇಸ್‌ಬಾರನ್ನು ಗಾಜಿನ ಮೇಲಿಟ್ಟು ತುದಿಗಳನ್ನು ಒತ್ತಿ ನೋಡಿ. ಅಲುಗಿದರೆ ಅಥವಾ ನಡುವೆ ಸಂದು ಕಂಡರೆ ವಾಪಸ್ ಮಾಡಿ. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡುವುದು ಕೊನೆಯ ದಾರಿ. ಆಗ ಸ್ಟೆಮ್ (ಸ್ವಿಚ್‌ಗೆ ಕೂರುವ ಕೆಳಭಾಗದ ಕೊಳವೆ) ಸೊಟ್ಟಗಾದರೆ ಮುಗಿಯಿತು.

ಡೈ ಸಬ್ಲಿಮೇಶನ್, ಅಂದರೆ ಶಾಖದಿಂದ ಶಾಯಿಯನ್ನು ಪ್ಲಾಸ್ಟಿಕ್‌ನೊಳಗೆ ಇಳಿಸಿದ ಅಕ್ಷರ ಬೇಕಿದ್ದರೆ ಪಿಬಿಟಿಯೇ ಸರಿ. ಶಾಯಿ ಒಳಗಿಳಿಯಲು ಬೇಕಾದ ಶಾಖಕ್ಕೆ ಎಬಿಎಸ್ ಮೆತ್ತಗಾಗುತ್ತದೆ. ಆದರೆ ಶಾಯಿ ಪ್ಲಾಸ್ಟಿಕ್‌ಗಿಂತ ಗಾಢವೇ ಇರಬೇಕು. ಕಪ್ಪು ಕೀ ಮೇಲೆ ಬಿಳಿ ಅಕ್ಷರ ಬೇಕೆಂದರೆ ಡಬಲ್‌ಶಾಟ್ (ಅಕ್ಷರವನ್ನೇ ಬೇರೆ ಬಣ್ಣದ ಪ್ಲಾಸ್ಟಿಕ್‌ನಲ್ಲಿ ಅಚ್ಚುಹಾಕಿದ್ದು) ನೋಡಿ; ಅಲ್ಲಿ ಎಬಿಎಸ್‌ನ ಅಕ್ಷರದ ಅಂಚು ಹೆಚ್ಚು ಚೂಪು, ಬಣ್ಣವೂ ಗಾಢ.

ಸದ್ದಿಗೆ ವಸ್ತುವಿಗಿಂತ ದಪ್ಪ ಮುಖ್ಯ ಎಂಬುದು ನನ್ನ ಅಭಿಪ್ರಾಯ: 1.5 ಮಿ.ಮೀ. ಎಬಿಎಸ್, 1 ಮಿ.ಮೀ. ಪಿಬಿಟಿಗಿಂತ ಗಂಭೀರವಾಗಿ ಕೇಳುತ್ತದೆ. ಹಾಂ, ಎಬಿಎಸ್ ಒರೆಸಲು ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಅಸಿಟೋನ್ ಇದ್ದರೆ ಎಬಿಎಸ್ ಕರಗುತ್ತದೆ.