ಮುಖದ ಮೇಲಿನ ಹಚ್ಚೆಗೆ ಅವಸರ ಬೇಡ

“ಅಕ್ಕಾ, ಹುಬ್ಬಿಗೆ ಮೈಕ್ರೋಬ್ಲೇಡಿಂಗ್ ಮಾಡಿಸಬಹುದೇ?” ಎಂದು ಈಚೆಗೆ ಹಲವರು ಕೇಳುತ್ತಿದ್ದಾರೆ. ಮದುವೆ ಗೊತ್ತಾದ ಹುಡುಗಿಯರೇ ಹೆಚ್ಚು. ಉಳಿದವರು ನನ್ನ ಹಾಗೆ ನಲವತ್ತು ದಾಟಿ, ಹುಬ್ಬು ತೆಳುವಾದವರು. ಮಾಡಿಸಬಹುದು. ನಾನೂ ಮಾಡಿಸಿಕೊಂಡಿದ್ದೇನೆ, ತೃಪ್ತಿಯಿದೆ. ಆದರೆ ಪರ್ಮನೆಂಟ್ ಮೇಕಪ್ ಎಂದು ಇದಕ್ಕಿರುವ ಇನ್ನೊಂದು ಹೆಸರು ಕೇಳಿ ಇದನ್ನು ಫೇಶಿಯಲ್, ಥ್ರೆಡ್ಡಿಂಗ್‌ಗಳ ಸಾಲಿಗೆ ಸೇರಿಸಬೇಡಿ. ಸೂಜಿಯಿಂದ ಚರ್ಮದೊಳಕ್ಕೆ ಬಣ್ಣ ಇಳಿಸುವ ಕೆಲಸವಿದು. ಹಚ್ಚೆಯೇ, ಅದೂ ಮುಖದ ಮೇಲೆ. ಇಲ್ಲಿ ಕೆಟ್ಟಿದ್ದೆಲ್ಲ ಬಹುಪಾಲು ಅವಸರದಿಂದ ಕೆಟ್ಟಿದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹುಬ್ಬು ತೆಳುವಾಗಿದ್ದು ಏಕೆ ಎಂದು ಮೊದಲು ತಿಳಿದುಕೊಳ್ಳಿ. ಹುಬ್ಬಿನ ಹೊರತುದಿಯ ಕೂದಲು ಉದುರುವುದು ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿರುವುದರ ಲಕ್ಷಣಗಳಲ್ಲೊಂದು. ನಾಣ್ಯದಗಲ ಬೋಳಾಗಿದ್ದರೆ ಅಲೊಪೇಶಿಯಾ ಎಂಬ ಕೂದಲುದುರುವ ಕಾಯಿಲೆ ಇರಬಹುದು. ಕುಷ್ಠರೋಗದಲ್ಲೂ ಹುಬ್ಬು ಉದುರುವುದುಂಟು; ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ, ಪೂರ್ತಿ ವಾಸಿಯಾಗುತ್ತದೆ. ನನ್ನದು ಥೈರಾಯ್ಡ್. ಚರ್ಮದ ವೈದ್ಯರು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಟ್ಟರು, ಮಾತ್ರೆ ಶುರುವಾಯಿತು, ಒಂದಷ್ಟು ಕೂದಲು ತಾನಾಗಿಯೇ ಮರಳಿ ಬಂತು. ಉಳಿದ ತುದಿಗಷ್ಟೇ ಬಣ್ಣ ಬೇಕಾಯಿತು. ರಕ್ತಪರೀಕ್ಷೆ ಮಾಡಿಸದೆ ನೇರವಾಗಿ ಪಾರ್ಲರಿಗೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಣ್ಣದ ಕೆಳಗೆ ಕಾಯಿಲೆ ಮುಚ್ಚಿಹೋಗುತ್ತದೆ.

ಬಸುರಿಯರು, ಹಾಲೂಡಿಸುವ ತಾಯಂದಿರು ಸದ್ಯಕ್ಕೆ ಬಿಟ್ಟುಬಿಡಿ. ಕಿವಿ ಚುಚ್ಚಿಸಿದ ಜಾಗದಲ್ಲೋ ಹಳೆಯ ಗಾಯದಲ್ಲೋ ಗಂಟಿನಂತೆ ಕೀಲಾಯ್ಡ್ ಬೆಳೆದಿದ್ದರೆ ಬೇಡವೇ ಬೇಡ. ತೊನ್ನು, ಸೋರಿಯಾಸಿಸ್ ಇರುವವರಿಗೆ ಸೂಜಿ ತಾಕಿದ ಜಾಗದಲ್ಲೇ ಹೊಸ ಕಲೆ ಏಳಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ, ಅದನ್ನು ಬಿಟ್ಟು ಕನಿಷ್ಠ 6 ತಿಂಗಳಾದರೂ ಕಾಯಿರಿ ಎನ್ನುವುದು ರೂಢಿಯ ಸಲಹೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹುಬ್ಬಿನ ಆಸೆಗೆ ಅದನ್ನು ತಾವಾಗಿಯೇ ನಿಲ್ಲಿಸಬೇಡಿ. ಹೃದಯದ ವೈದ್ಯರನ್ನು ಕೇಳಿ.

ಮೈಕ್ರೋಬ್ಲೇಡಿಂಗ್ ಎಂದರೆ ಸಾಲಾಗಿ ಜೋಡಿಸಿದ ಸಣ್ಣ ಸೂಜಿಗಳ ಕೈ ಉಪಕರಣದಿಂದ ಕೂದಲಿನಂತೆ ಗೆರೆ ಎಳೆಯುವುದು. ಪೌಡರ್ ಬ್ರೋ ಎಂದರೆ ಯಂತ್ರದಿಂದ ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬುವುದು. ನಿಮ್ಮದು ಎಣ್ಣೆ ಚರ್ಮವೇ? ಹಾಗಾದರೆ ಗೆರೆಗಳ ಆಸೆ ಬಿಡಿ. ಒತ್ತುಕಾಗದದ ಮೇಲೆ ಬಿದ್ದ ಶಾಯಿಯಂತೆ ಅವು ತಿಂಗಳುಗಳಲ್ಲಿ ಹರಡಿಕೊಂಡು ಒಂದಕ್ಕೊಂದು ಕೂಡಿಬಿಡುತ್ತವೆ. ಅಂಥವರಿಗೆ ಪೌಡರ್ ಬ್ರೋ ವಾಸಿ. ಬಣ್ಣದಲ್ಲಿ ಕಡುಗಪ್ಪು ಬೇಡ ಎನ್ನುತ್ತೇನೆ. ಇಂಗಾಲದ ಕಪ್ಪು ವರ್ಷ ಕಳೆದಂತೆ ನೀಲಿ ಬೂದಿ ಬಣ್ಣಕ್ಕೆ ತಿರುಗುವುದುಂಟು. ಕಬ್ಬಿಣದ ಆಕ್ಸೈಡಿನ ಕಂದು ಕೆಲವೊಮ್ಮೆ ಕೆಂಪಾಗುತ್ತದೆ. ನಮ್ಮ ಚರ್ಮಕ್ಕೆ ಕಡುಕಂದು ಸಹಜವಾಗಿ ಕಾಣುತ್ತದೆ.

ಈಗ ಮದುವೆ ಹೆಣ್ಣುಮಕ್ಕಳಿಗೆ. ನನ್ನ ಚಿಕ್ಕಮ್ಮನ ಮಗಳು ಮದುವೆಗೆ ವಾರವಿದೆ ಎನ್ನುವಾಗ, ರಿಯಾಯಿತಿ ಇದೆಯೆಂದು ಒಂದು ಪಾರ್ಲರಿನಲ್ಲಿ ಮಾಡಿಸಿಕೊಂಡಳು. ತಾರೀಕು ಕೇಳಿದ ಮೇಲೂ ಅವರು ಬೇಡ ಎನ್ನಲಿಲ್ಲ. ಮೊದಲ ಕೆಲವು ದಿನ ಹುಬ್ಬು ಅಂದುಕೊಂಡದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಆಮೇಲೆ ಹಕ್ಕಳೆ ಕಟ್ಟಿ, ಅಲ್ಲಲ್ಲಿ ಉದುರಿ, ಬಣ್ಣವೇ ಹೋಯಿತೇನೋ ಎನಿಸುತ್ತದೆ. ನಿಜವಾದ ಬಣ್ಣ ನಿಲ್ಲುವುದು ಸುಮಾರು ನಾಲ್ಕು ವಾರಕ್ಕೆ. ಅವಳಿಗೆ ಹಕ್ಕಳೆ ಏಳುವ ಹೊತ್ತಿಗೆ ಸರಿಯಾಗಿ ಅರಿಸಿನ ಶಾಸ್ತ್ರ. ಸೋದರತ್ತೆಯರು ಮುಖಕ್ಕೆ ಅರಿಸಿನ ಬಳಿದರು, ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರು. ಮರುದಿನ ಹೋಮದ ಬೆವರು. ಅದರ ಮೇಲೆ ಹಣೆಗೆ ಬಾಸಿಂಗ ಕಟ್ಟಿದಾಗ ಅದರ ಅಂಚು ಎಡಹುಬ್ಬಿಗೇ ಉಜ್ಜುತ್ತಿತ್ತು; ಪ್ರತಿ ಸಲ ತಲೆ ಬಾಗಿಸಿದಾಗಲೂ ಅವಳು ಹಲ್ಲು ಕಚ್ಚಿ ಸಹಿಸುತ್ತಿದ್ದಳು. ಆ ಹುಬ್ಬು ಇಂದಿಗೂ ಅಲ್ಲಲ್ಲಿ ಬಿಳಿಚಿಕೊಂಡೇ ಇದೆ. ಮೊದಲ ಸಲದ ಬಳಿಕ 6ರಿಂದ 8 ವಾರಕ್ಕೆ ಟಚ್‌ಅಪ್ ಬೇಕಾಗುತ್ತದೆ, ಅದೂ ಮಾಯಬೇಕು. ಆದ್ದರಿಂದ ಲಗ್ನಪತ್ರಿಕೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ: ನಾಲ್ಕು ತಿಂಗಳಾದರೂ ಇರಲಿ. ಅಷ್ಟು ಸಮಯವಿಲ್ಲವೇ? ಪೆನ್ಸಿಲ್ ಸಾಕು, ಖಂಡಿತ ಚೆನ್ನಾಗಿ ಕಾಣುತ್ತೀರಿ.

ಮಾಡುವವರನ್ನು ಆರಿಸುವಾಗ ಇನ್‌ಸ್ಟಾಗ್ರಾಮ್ ಚಿತ್ರಗಳಿಗೆ ಮರುಳಾಗಬೇಡಿ. ಅವೆಲ್ಲ ಕೆಲಸ ಮುಗಿದ ಗಳಿಗೆಯಲ್ಲಿ ತೆಗೆದವು. ಆಗ ಯಾರ ಹುಬ್ಬಾದರೂ ತಿದ್ದಿದಂತಿರುತ್ತದೆ. ಎರಡು ತಿಂಗಳಾದ ಮೇಲೆ, ಒಂದು ವರ್ಷವಾದ ಮೇಲೆ ಅದೇ ಹುಬ್ಬು ಹೇಗಿದೆ ಎಂದು ತೋರಿಸಲು ಹೇಳಿ. ತೋರಿಸಲಾಗದವರ ಕೈಗೆ ಮುಖ ಕೊಡಬೇಡಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಅದು ಒಬ್ಬರಿಗೆ, ಒಂದೇ ಸಲಕ್ಕೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವ ದಾರಿಗಳಲ್ಲಿ ಹಂಚಿಕೊಂಡ ಸೂಜಿಯೂ ಒಂದು. ಬಣ್ಣದ ಬಾಟಲಿಯ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಅಲರ್ಜಿಯಾದರೆ ವೈದ್ಯರು ಮೊದಲು ಕೇಳುವುದು ಅದನ್ನೇ. ಕಿವಿಯ ಹಿಂದೆ ಸ್ವಲ್ಪ ಬಣ್ಣ ಹಾಕಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು, ಆದರೆ ಅಲರ್ಜಿ ತಿಂಗಳುಗಳ ನಂತರವೂ ಬರಬಹುದು.

ಬಣ್ಣದ ವಿಷಯ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಹಚ್ಚೆಯ ಮತ್ತು ಇಂಥ ಮೇಕಪ್ಪಿನ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ನಿರ್ಬಂಧ ಹಾಕಿದೆ. ನಮ್ಮಲ್ಲಿ 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಹಚ್ಚೆ ಶಾಯಿಯ ಮಾದರಿಗಳಲ್ಲಿ 22 ಲೋಹಗಳು ಕಂಡುಬಂದಿವೆ, ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಬರೆಯುತ್ತೇವೆ ಎಂದಿದ್ದರು. ಕಾನೂನು ಬಿಗಿಯಾಗುವವರೆಗೆ ನಮ್ಮ ಎಚ್ಚರವೇ ನಮಗೆ ಕಾವಲು. ನೋವು ತಿಳಿಯದಿರಲೆಂದು ಮೊದಲು ಹಚ್ಚುವ ಮರಗಟ್ಟಿಸುವ ಕ್ರೀಮೂ ಹಾಗೆಯೇ. ಮರಗಟ್ಟಿಸುವ ಔಷಧವಾದ ಲಿಡೊಕೇನ್ ಶೇ 4ಕ್ಕಿಂತ ಹೆಚ್ಚು ಇರುವ, ಅಂಗಡಿಯಲ್ಲಿ ನೇರವಾಗಿ ಸಿಗುವ ಕ್ರೀಮುಗಳಿಂದ ಫಿಟ್ಸ್, ಹೃದಯ ಬಡಿತದ ಏರುಪೇರು ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿದೆ. ಎಷ್ಟು ಪ್ರಮಾಣದ್ದು ಎಂದು ಧೈರ್ಯವಾಗಿ ಕೇಳಿ.

ನನಗೆ ಮಾಡಿದಾಕೆ ಸೂಜಿ ಮುಟ್ಟುವ ಮೊದಲು ಅಳತೆಗೇ ಬಹಳ ಹೊತ್ತು ತೆಗೆದುಕೊಂಡರು. ಬಣ್ಣದಲ್ಲಿ ಅದ್ದಿದ ದಾರವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಹಣೆಗೆ ಒತ್ತಿ ಗೆರೆ ಮೂಡಿಸಿದರು: ಮೂಗಿನ ನೇರಕ್ಕೊಂದು, ಹುಬ್ಬಿನ ಏರಿಗೊಂದು, ತುದಿಗೊಂದು. ಮಲಗಿದ್ದವಳನ್ನು ಎಬ್ಬಿಸಿ ಕೂರಿಸಿ ಕನ್ನಡಿ ಕೊಟ್ಟರು. ಮಲಗಿದಾಗ ಚರ್ಮ ಸರಿಯುವುದರಿಂದ ಅಳತೆ ಮೋಸ ಮಾಡುತ್ತದೆ ಎಂದರು. ನಗಲು ಹೇಳಿದರು, ಹಣೆ ಸುಕ್ಕಾಗಿಸಲು ಹೇಳಿದರು. ಎರಡು ಸಲ ಅಳಿಸಿ ತಿದ್ದಿಸಿದೆ, ಆಕೆ ಮುಖ ಗಂಟಿಕ್ಕಲಿಲ್ಲ. ಈ ಹಂತದಲ್ಲಿ ಸಂಕೋಚ ಪಡಬೇಡಿ.

ಆಮೇಲಿನ ದಿನಗಳಲ್ಲಿ ಹಕ್ಕಳೆ ಕೀಳಬೇಡಿ. ಹರಳೆಣ್ಣೆ, ಅರಿಸಿನ, ಹಬೆ, ಈಜು, ಬಿಸಿಲು ಎಲ್ಲವೂ ಎರಡು ವಾರ ದೂರ. ಮುಂದೆಯೂ ಸುಕ್ಕಿಗೆ ಹಚ್ಚುವ ರೆಟಿನಾಲ್ ಕ್ರೀಮು ಹುಬ್ಬಿಗೆ ತಾಗಿದರೆ ಬಣ್ಣ ಬೇಗ ಮಾಸುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಮಸುಕಾಗುತ್ತದೆ; ಕೆಲವರಲ್ಲಿ ಪೂರ್ತಿ ಹೋಗುವುದೇ ಇಲ್ಲ. ಬೇಡವೆನಿಸಿದರೆ ಲೇಸರ್ ಇದೆ, ಆದರೆ ಹಲವು ಸಲ ಬೇಕು, ಮತ್ತು ಕೆಲವು ಬಣ್ಣಗಳು ಲೇಸರ್ ತಾಗಿದೊಡನೆ ಇನ್ನಷ್ಟು ಕಪ್ಪಾಗುತ್ತವೆ. ಅದನ್ನು ಚರ್ಮವೈದ್ಯರೇ ಮಾಡಲಿ. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಹುಬ್ಬಿನ ಬಣ್ಣದ ಬಗ್ಗೆ ಮೊದಲೇ ಹೇಳಿ, ಅಪರೂಪಕ್ಕೆ ಉರಿ, ಊತ ಆಗಬಹುದು. ಹಾಗೆಂದು ಸ್ಕ್ಯಾನ್ ತಪ್ಪಿಸಬೇಡಿ. ರಕ್ತದಾನ ಮಾಡುವವರು ಒಂದು ವರ್ಷ ಕಾಯಬೇಕು.

ಕೀವು, ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಕಂಡರೆ ಪಾರ್ಲರಿಗೆ ವಾಟ್ಸ್‌ಆ್ಯಪ್ ಫೋಟೊ ಕಳುಹಿಸುತ್ತ ಕೂರಬೇಡಿ, ಅಂದೇ ಚರ್ಮವೈದ್ಯರಲ್ಲಿಗೆ ಹೋಗಿ. ವರ್ಷಗಳ ನಂತರ ಬಣ್ಣದ ಗೆರೆಯುದ್ದಕ್ಕೂ ಗಟ್ಟಿ ಗುಳ್ಳೆಗಳೆದ್ದರೂ ತೋರಿಸಿ. ಶ್ವಾಸಕೋಶ ಮೊದಲಾದ ಅಂಗಗಳಲ್ಲಿ ಸಣ್ಣ ಗಂಟುಗಳೇಳುವ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆ ಕೆಲವರಲ್ಲಿ ಮೊದಲು ಹಾಗೆ ಕಾಣಿಸಿಕೊಂಡದ್ದಿದೆ.