‘ಊಟ ಆಯ್ತಾ?’ ಅಂದರೆ ‘ಇಲ್ಲ’ ಅನ್ನುವವರು ಯಾರು?

ಆಹಾರ ಭದ್ರತೆ ಮೇಲೆ ಎಂ.ಎಸ್ಸಿ. ಪ್ರಬಂಧ ಬರೀತಿದ್ದೀನಿ ಎಂದಾಗ ಊರಲ್ಲಿ ನಮ್ಮ ಚಿಕ್ಕಪ್ಪ ‘ಅಂದ್ರೆ ಸೊಸೈಟಿ ಅಕ್ಕಿ ವಿಷಯಾನೇನಮ್ಮ?’ ಅಂತ ಕೇಳಿದ್ದರು. ಅದೂ ಇದೆ ಚಿಕ್ಕಪ್ಪ ಅಂದಿದ್ದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಅದರಲ್ಲಿ ಆದ್ಯತಾ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ, ಕಡುಬಡವರ ಅಂತ್ಯೋದಯ ಕಾರ್ಡಿಗೆ 35 ಕೆ.ಜಿ., ಇವೆಲ್ಲ ಮೊದಲ ಸೆಮಿಸ್ಟರ್‌ನಲ್ಲೇ ಬಾಯಿಪಾಠ. ಹಸಿವಿನ ಬಗ್ಗೆ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಲು ನನಗೆ ಬರುವುದಿಲ್ಲ ಅಂತ ಗೊತ್ತಾಗಿದ್ದು ಮಾತ್ರ ಹಳ್ಳಿಗೆ ಹೋದ ಮೊದಲ ದಿನ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರದು 8 ಪ್ರಶ್ನೆಗಳ ಒಂದು ಅಳತೆಗೋಲು ಇದೆ. ಕಳೆದ 12 ತಿಂಗಳಲ್ಲಿ ದುಡ್ಡಿಲ್ಲದೆ, ಅನುಕೂಲ ಇಲ್ಲದೆ, ಊಟಕ್ಕೆ ಸಾಲದೇನೋ ಅನ್ನುವ ಚಿಂತೆ ಕಾಡಿತ್ತಾ ಅಂತ ಶುರುವಾಗಿ, ಇಡೀ ದಿನ ಏನೂ ತಿನ್ನದೆ ಕಳೆದಿದ್ದೀರಾ ಅನ್ನುವಲ್ಲಿಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಓದಿದಾಗ ಎಷ್ಟು ಸರಳ ಅನಿಸಿತ್ತು! ಶಿರಾ ತಾಲ್ಲೂಕಿನ ಒಂದು ಊರಲ್ಲಿ ಜಗಲಿ ಮೇಲೆ ಕೂತು, ‘ಯಾವತ್ತಾದರೂ ಒಂದು ಹೊತ್ತಿನ ಊಟ ಬಿಟ್ಟಿದ್ದೀರಾ ಅಜ್ಜಿ?’ ಅಂತ ಕೇಳಿದೆ. ‘ಸೋಮಾರ, ಶನಿವಾರ ಒಪ್ಪತ್ತು ಕಣವ್ವ’ ಅಂದರು. ವ್ರತವೋ, ಇಲ್ಲದಿರುವಿಕೆಯೋ? ಫಾರಂನಲ್ಲಿ ಏನು ಬರೆಯಲಿ? ಎಷ್ಟೋ ವರ್ಷದ ಹಿಂದೆ ಕಾಳು ಸಾಲದ ಬೇಸಿಗೆಯಲ್ಲಿ ಹಿಡಿದ ಒಪ್ಪತ್ತು ಆಮೇಲೆ ದೇವರ ಹೆಸರಿಗೆ ಸೇರಿದ್ದರೆ ಅದನ್ನು ಯಾವ ಕಾಲಂಗೆ ಹಾಕುವುದು?

ನಮ್ಮಲ್ಲಿ ‘ಊಟ ಆಯ್ತಾ’ ಅನ್ನುವುದು ನಮಸ್ಕಾರ ಇದ್ದ ಹಾಗೆ. ‘ಆಯ್ತು’ ಅನ್ನುವುದು ಮರ್ಯಾದೆ. ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಿರುವಾಗ, ಕೈಯಲ್ಲಿ ಪೆನ್ನು ಹಿಡಿದು ಬಂದ ಹುಡುಗಿಯ ಮುಂದೆ ‘ಇಲ್ಲ’ ಅನ್ನುವವರು ಯಾರು?

ಇನ್ನೊಂದು ಅಳತೆ 15ರಿಂದ 49 ವರ್ಷದ ಹೆಂಗಸರದ್ದು. ಊಟದಲ್ಲಿ ಬಗೆಬಗೆಯ ಆಹಾರ ಇದೆಯಾ ಅಂತ ತಿಳಿಯಲು, ಹಿಂದಿನ ದಿನ ತಿಂದಿದ್ದನ್ನೆಲ್ಲ ಧಾನ್ಯ, ಕಾಳು, ಸೊಪ್ಪು, ಹಾಲು ಅಂತ 10 ಗುಂಪು ಮಾಡಿ, 5 ಗುಂಪಾದರೂ ಇದೆಯಾ ಅಂತ ನೋಡುವುದು. ಒಂದು ಗುಂಪಿನದು 15 ಗ್ರಾಂಗಿಂತ ಕಡಿಮೆ ಇದ್ದರೆ ಆ ಗುಂಪು ಲೆಕ್ಕಕ್ಕಿಲ್ಲ. ಅಜ್ಜಿಯ ಸೊಸೆ, ‘ಬೆಳಿಗ್ಗೆ ಮುದ್ದೆ, ಹುರುಳಿಕಾಳು ಸಾರು. ರಾತ್ರಿ ಅನ್ನ, ಅದೇ ಸಾರು’ ಅಂದರು. ಕಾಳಿನ ಗುಂಪಿಗೆ ಟಿಕ್ ಹಾಕಿದೆ. ಆ ಮಧ್ಯಾಹ್ನ ಅಲ್ಲೇ ಉಣ್ಣಲು ಕೂರಿಸಿದರು. ಗಂಡನಿಗೆ ಬಡಿಸುವಾಗ ಸೌಟು ಪಾತ್ರೆಯ ತಳಕ್ಕೆ ಇಳಿದು ಕಾಳು ಎತ್ತಿಕೊಂಡು ಬಂತು. ಮಕ್ಕಳಿಗೂ ಹಾಗೆಯೇ. ನನಗೆ ಎಲ್ಲರಿಗಿಂತ ಜಾಸ್ತಿ. ಕೊನೆಗೆ ಆಕೆ ಕೂತಾಗ ಪಾತ್ರೆಯನ್ನೇ ತಟ್ಟೆಗೆ ಬಗ್ಗಿಸಿಕೊಂಡರು. ಬಿದ್ದದ್ದು ತಿಳಿ, ಜೊತೆಗೆ ಏಳೆಂಟು ಕಾಳು. ಸಂಜೆ ಬಸ್ಸಿಗೆ ಕಾಯುತ್ತಾ ಆ ಟಿಕ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅವತ್ತು ನನ್ನ ತಟ್ಟೆಗೆ ಬಿದ್ದ ಕಾಳು ಯಾರ ಪಾಲಿನದು ಅನ್ನುವುದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದೇ ರಾಜ್ಯದ, ಅದೇ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. 2013ರ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ರೇಷನ್ ಕಾರ್ಡಿನ ಯಜಮಾನಿ ಅಂತ ಮಾಡಿದೆ. ತುಂಬಾ ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಕಾರ್ಡಿನಲ್ಲಿ ಮೊದಲ ಹೆಸರು ಇರುವವರೇ ಪಂಕ್ತಿಯಲ್ಲಿ ಕೊನೆ.

ಓದಿನಲ್ಲಿ ಈ ವಿಷಯ ಹರಿದು ಹಂಚಿಹೋಗಿದೆ ಅನ್ನುವುದು ನನ್ನ ದೊಡ್ಡ ಸಂಕಟ. ಕೃಷಿ ಅರ್ಥಶಾಸ್ತ್ರದವರದು ಕ್ವಿಂಟಾಲ್ ಲೆಕ್ಕ, ಗೃಹವಿಜ್ಞಾನದವರದು ಗ್ರಾಂ ಲೆಕ್ಕ. ಆ ಸೌಟು ಯಾವ ವಿಭಾಗಕ್ಕೂ ಸೇರಿಲ್ಲ. 1943ರ ಬಂಗಾಳದ ಕ್ಷಾಮದ ಬಗ್ಗೆ ಬರೆಯುತ್ತಾ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿದ್ದು, ಧಾನ್ಯ ಇದ್ದರೂ ಅದನ್ನು ಪಡೆಯುವ ಶಕ್ತಿ ಕಳೆದುಕೊಂಡವರು ಸಾಯುತ್ತಾರೆ ಅಂತ. ಪ್ರಶ್ನೆಯನ್ನು ಗೋದಾಮಿನಿಂದ ಕೂಲಿಯವರ ಕೈಗೆ ತಂದವರು ಅವರು. ನಾವು ಅಲ್ಲಿಂದ ಮುಂದೆ ಒಲೆಯವರೆಗೆ ಹೋಗಬೇಡವೇ? ರೋಮ್‌ನಲ್ಲಿ ನಡೆದ 1996ರ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಗೆ ಕೊಟ್ಟ ವ್ಯಾಖ್ಯಾನದಲ್ಲಿ ಇರುವುದು ‘ಎಲ್ಲ ಜನರಿಗೂ, ಎಲ್ಲ ಕಾಲದಲ್ಲೂ’ ಅಂತ. ಆದರೂ ನಮ್ಮ ಎಷ್ಟೋ ಪ್ರಬಂಧಗಳು ಕುಟುಂಬದ ಹೊಸ್ತಿಲಲ್ಲೇ ನಿಂತುಬಿಡುತ್ತವೆ.

ನನಗೆ ಕ್ಷೇತ್ರಕಾರ್ಯಕ್ಕೆ ಸಿಕ್ಕಿದ್ದು ಇಪ್ಪತ್ತೇ ದಿನ. ಹತ್ತು ದಿನ ಪರಿಚಯ ಆಗುವುದಕ್ಕೇ ಬೇಕು. ಒಂದಿಡೀ ಸೆಮಿಸ್ಟರ್ ಹಳ್ಳಿಯಲ್ಲಿ, ಬೇಸಿಗೆಯಲ್ಲೂ ಸುಗ್ಗಿಯಲ್ಲೂ ಒಂದೊಂದು ಸಲ, ಇದ್ದು ಕಲಿಯುವಂತೆ ಪಠ್ಯಕ್ರಮ ಆಗಬೇಕು. ಪ್ರಶ್ನಾವಳಿಯನ್ನು ಅನುವಾದ ಮಾಡಿಸುವುದು ಬಿಟ್ಟು ಅಲ್ಲಿನ ಹೆಂಗಸರ ಜೊತೆ ಕೂತು ಕಟ್ಟಬೇಕು.

ಈಗ ನಾನು ‘ಊಟ ಬಿಟ್ಟಿದ್ದೀರಾ’ ಅಂತ ಶುರುಮಾಡುವುದಿಲ್ಲ. ‘ನಿನ್ನೆ ರಾತ್ರಿ ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಏನು ಉಳಿದಿತ್ತಕ್ಕ?’ ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡುತ್ತಾರೆ.

ರಾಯಚೂರು, ಕಲಬುರಗಿ, ಮಲೆನಾಡಿನ ಕಡೆ ಇದೇ ವಿಷಯ ಓದುತ್ತಿರುವವರು ಇದ್ದರೆ, ನಿಮ್ಮ ಕಡೆ ಈ ಪ್ರಶ್ನೆಯನ್ನು ಯಾವ ಮಾತಲ್ಲಿ ಕೇಳುತ್ತೀರಿ ದಯವಿಟ್ಟು ಬರೆಯಿರಿ. ನನ್ನ ಪ್ರಶ್ನಾವಳಿ ಬೇಕಾದವರಿಗೆ ಕಳಿಸುತ್ತೇನೆ.