ಪೂರ್ತಿ ಮಿರರ್ ಇಳಿಸಿದರೆ ಸಾಲದು

ಇಂಟರ್ನೆಟ್ ಇಲ್ಲದ ಲಿನಕ್ಸ್ ಯಂತ್ರಗಳನ್ನು ಅಪ್‌ಡೇಟ್ ಮಾಡಲು ಪೂರ್ತಿ ರೆಪೋವನ್ನು (ಪ್ಯಾಕೇಜುಗಳ ಭಂಡಾರ) ಆರ್‌ಸಿಂಕ್ ಎಂಬ ನಕಲು ಸಾಧನದಲ್ಲಿ ಇಳಿಸಿ, ಆ ನಕಲನ್ನು (ಮಿರರ್) ಡಿಸ್ಕಿಗೆ ಹಾಕಿ ಒಯ್ಯಿರಿ ಎಂದು ಒಂದು ಲೇಖನ ಹೇಳುತ್ತದೆ. ಕೆಲಸ ಆಗುತ್ತದೆ, ಆದರೆ ಯಾವತ್ತೂ ಬಳಸದ ಆರ್ಕಿಟೆಕ್ಚರ್‌ಗಳ (ಪ್ರೊಸೆಸರ್ ಬಗೆಗಳ) ಪ್ಯಾಕೇಜುಗಳೂ ಜಾಗ ತಿನ್ನುತ್ತವೆ. ಡೆಬಿಯನ್ ಲಿನಕ್ಸ್ ಆದರೆ, ಬೇಕಾದ್ದನ್ನಷ್ಟೇ ಇಳಿಸುವ ಡೆಬ್‌ಮಿರರ್‌ಗೆ ಎಎಂಡಿ64 (ಸಾಮಾನ್ಯ 64-ಬಿಟ್ ಪಿಸಿ) ಮಾತ್ರ ಸಾಕು, ಸೋರ್ಸ್ (ಮೂಲ ಕೋಡ್) ಬೇಡ ಎಂದು ಹೇಳಿ; ಗಾತ್ರ ತುಂಬಾ ಇಳಿಯುತ್ತದೆ.

ಲೇಖನದಲ್ಲಿ ಬಿಟ್ಟುಹೋದ ಮುಖ್ಯ ವಿಷಯ ರಿಲೀಸ್ ಫೈಲಿನ (ರೆಪೋದ ಪಟ್ಟಿಗಳ ಸಹಿ ಇರುವ ಫೈಲ್) ಅವಧಿ. ಡೆಬಿಯನ್ ಸೆಕ್ಯುರಿಟಿ ರೆಪೋದ ರಿಲೀಸ್ ಫೈಲಿನಲ್ಲಿ 'ವ್ಯಾಲಿಡ್-ಅನ್‌ಟಿಲ್' ಎಂಬ ಸಾಲಿರುತ್ತದೆ, ಅದರ ಆಯಸ್ಸು ಸುಮಾರು ಒಂದು ವಾರ. ತಿಂಗಳಿಗೊಮ್ಮೆ ಡಿಸ್ಕ್ ಒಯ್ಯುವವರಿಗೆ ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ 'ಎಕ್ಸ್‌ಪೈರ್ಡ್' ಎಂದು ನಿಂತುಬಿಡುತ್ತದೆ. ಆಪ್ಟ್‌ನ ರೆಪೋ ಪಟ್ಟಿಯಲ್ಲಿ ಆ ಒಂದು ರೆಪೋದ ಸಾಲಿಗೆ ಮಾತ್ರ 'ಚೆಕ್-ವ್ಯಾಲಿಡ್-ಅನ್‌ಟಿಲ್=ನೋ' ಕೊಡಿ. ಸಿಟ್ಟಿನಲ್ಲಿ 'ಟ್ರಸ್ಟೆಡ್=ಯೆಸ್' ಹಾಕಬೇಡಿ; ಅದು ಸಹಿ ಪರಿಶೀಲನೆಯನ್ನೇ ಬದಿಗಿಡುತ್ತದೆ, ಕೈಯಿಂದ ಕೈಗೆ ಹೋಗುವ ಡಿಸ್ಕಿಗೆ ಸಹಿಯೇ ಕಾವಲು. ಆಫ್‌ಲೈನ್ ಯಂತ್ರದ ಗಡಿಯಾರ ಹಿಂದೆ ಬಿದ್ದಿದ್ದರೆ ಇದಕ್ಕೆ ಉಲ್ಟಾ ದೂರು ಬರುತ್ತದೆ: ಫೈಲ್ 'ಇನ್ನೂ ವ್ಯಾಲಿಡ್ ಆಗಿಲ್ಲ'. ಆಗ ಮೊದಲು ಸಮಯ ಸರಿಮಾಡಿ.

ಆರ್‌ಸಿಂಕ್ ಬಳಸಲೇಬೇಕೆಂದರೆ ಮೊದಲು 'ಪೂಲ್' (ಪ್ಯಾಕೇಜುಗಳ ಫೋಲ್ಡರ್), ಆಮೇಲೆ 'ಡಿಸ್ಟ್ಸ್' (ಇಂಡೆಕ್ಸುಗಳ ಫೋಲ್ಡರ್) ಇಳಿಸಿ. ಹಳೆಯ ಫೈಲ್ ಅಳಿಸುವ ಕೆಲಸ ಕೊನೆಗೆ. ಉಲ್ಟಾ ಮಾಡಿ ನಡುವೆ ಸಂಪರ್ಕ ಕಡಿದರೆ, ಇಂಡೆಕ್ಸಿನಲ್ಲಿ ಹೆಸರಿದ್ದು ಡಿಸ್ಕಿನಲ್ಲಿ ಪ್ಯಾಕೇಜ್ ಇರುವುದಿಲ್ಲ.

ರೆಡ್‌ಹ್ಯಾಟ್ ಲಿನಕ್ಸ್ ಕಡೆಯವರು ರೆಪೋ ಇಳಿಸುವ ರೆಪೋಸಿಂಕ್‌ಗೆ 'ಡೌನ್‌ಲೋಡ್-ಮೆಟಾಡೇಟಾ' ಆಯ್ಕೆ ಕೊಡಲು ಮರೆಯಬೇಡಿ. ಬರೀ ಆರ್‌ಪಿಎಂ (ಅಲ್ಲಿನ ಪ್ಯಾಕೇಜ್ ಫೈಲುಗಳು) ಇಳಿಸಿ, ಇಂಡೆಕ್ಸ್ ಕಟ್ಟುವ ಕ್ರಿಯೇಟ್‌ರೆಪೋ ಓಡಿಸಿದರೆ ಅಪ್‌ಡೇಟ್ ಅಡ್ವೈಸರಿಗಳು (ಯಾವ ಅಪ್‌ಡೇಟ್ ಯಾತಕ್ಕೆ ಎಂಬ ಸೂಚನೆಗಳು) ಮಾಯ, 'ಸೆಕ್ಯುರಿಟಿ ಮಾತ್ರ' ಎಂಬ ಅಪ್‌ಡೇಟ್‌ಗೆ ಏನೂ ಸಿಗುವುದಿಲ್ಲ.

ಡಿಸ್ಕಿನ ಫೈಲ್ ಸಿಸ್ಟಂ ಎಕ್ಸ್ಟ್4 ಇರಲಿ. ಫ್ಯಾಟ್32ರಲ್ಲಿ ಸಿಮ್‌ಲಿಂಕ್ (ಇನ್ನೊಂದು ಫೈಲಿನತ್ತ ಬೊಟ್ಟು ಮಾಡುವ ಕೊಂಡಿ) ನಿಲ್ಲುವುದಿಲ್ಲ, 4 ಜಿಬಿ ದಾಟಿದ ಫೈಲೂ ಕೂರುವುದಿಲ್ಲ.